ಪಾಂಡಾ ಮರಿಗಳು ಉಳಿದವು, ಅವುಗಳ ಕಾಡು?

ಹುಟ್ಟಿದಾಗ ದೈತ್ಯ ಪಾಂಡಾದ ಮರಿ ತೂಗುವುದು ಸುಮಾರು 100 ಗ್ರಾಂ. ತಾಯಿಯ ತೂಕದ 900ರಲ್ಲಿ ಒಂದು ಪಾಲು. ಅದು ಕಣ್ಣು ತೆರೆಯಲು ಆರೆಂಟು ವಾರ ಬೇಕು, ತೆವಳಲು ಮೂರು ತಿಂಗಳು. ತಾಯಿ ನೆಕ್ಕಿ ಪ್ರಚೋದಿಸದಿದ್ದರೆ ಮಲಮೂತ್ರ ವಿಸರ್ಜನೆಯೂ ಆಗದು. ಇಷ್ಟು ಅಸಹಾಯಕವಾದ ಜೀವವನ್ನು ಮನುಷ್ಯರ ಆರೈಕೆಯಲ್ಲಿ ಬದುಕಿಸುವುದು ಹೇಗೆಂದು ಅರಿಯಲು ಚೀನಾದ ವಿಜ್ಞಾನಿಗಳು ದಶಕಗಳ ಕಾಲ ಹೆಣಗಿದರು, ಕೊನೆಗೆ ಗೆದ್ದರು. ಇಂದು ಜಗತ್ತಿನಾದ್ಯಂತ ಸಾಕಣೆಯಲ್ಲಿರುವ ಪಾಂಡಾಗಳ ಸಂಖ್ಯೆ 700 ದಾಟಿದೆ. 2024ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಮತ್ತು ವಾಷಿಂಗ್ಟನ್ ಮೃಗಾಲಯಗಳಿಗೆ ಹೊಸ ಜೋಡಿಗಳು ಹೋದವು. ಮರಿಗಳು ಉರುಳಾಡುವ ವಿಡಿಯೊಗಳನ್ನು ನಮ್ಮ ಮನೆಗಳ ಮಕ್ಕಳೂ ನೋಡಿ ನಗುತ್ತಾರೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಡಬೇಕು. ಚೀನಾ ಸರ್ಕಾರವೇ ಹೇಳಿರುವಂತೆ, ಸಾಕಣೆಯಲ್ಲಿ ಹುಟ್ಟಿ ಕಾಡಿಗೆ ಬಿಡಲಾದ ಪಾಂಡಾಗಳು 12. ಅವುಗಳಲ್ಲಿ ಉಳಿದಿರುವುದು 10. ಏಳುನೂರಕ್ಕೆ ಹನ್ನೆರಡು! ಮರಿಗಳ ಅಧ್ಯಯನಕ್ಕೆ ಸುರಿದ ಬುದ್ಧಿ, ಹಣ, ಶ್ರಮ ಎಲ್ಲವೂ ವನ್ಯಜೀವಿ ಸಂರಕ್ಷಣೆಯ ಹೆಸರಿನಲ್ಲೇ ನಡೆದಿರುವಾಗ, ಅದರಿಂದ ಕಾಡಿಗೆ ಸಿಕ್ಕಿದ್ದೇನು ಎಂದು ಕೇಳುವುದು ಅಗೌರವವಲ್ಲ. ನನಗೆ ಕಂಡಂತೆ ಸಿಕ್ಕಿರುವುದು ಕಡಿಮೆಯೇನಲ್ಲ. ಆದರೆ ಅದು ಮರಿಗಳ ಸಂಖ್ಯೆಯಲ್ಲಿ ಇಲ್ಲ. ಈ ಸಂಶೋಧನೆಯ ಅತ್ಯಂತ ಬೆಲೆಬಾಳುವ ಫಲಿತಾಂಶಗಳೆಲ್ಲ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿದು ನಿಂತಾಗ ಬಂದಿವೆ.

ಕಥೆ ಬಿದಿರಿನಿಂದ ಶುರುವಾಗುತ್ತದೆ. ಬಿದಿರು ಒಮ್ಮೆಗೇ ಹೂಬಿಟ್ಟು ಒಮ್ಮೆಗೇ ಸಾಯುವುದು ಮಲೆನಾಡಿನವರಿಗೆ ಹೊಸದಲ್ಲ. ಬಿದಿರಕ್ಕಿ ಉದುರಿದ ಮೇಲೆ ಮೆಳೆ ಒಣಗಿ ನಿಲ್ಲುವುದನ್ನು ಕಂಡವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. 1970ರ ದಶಕದ ಮಧ್ಯದಲ್ಲಿ ಚೀನಾದ ಮಿನ್‌ಶಾನ್ ಪರ್ವತಗಳಲ್ಲಿ ಹೀಗಾದಾಗ 138 ಪಾಂಡಾಗಳ ಶವಗಳು ಸಿಕ್ಕವು. ಆಹಾರದಲ್ಲಿ ಶೇ 99ರಷ್ಟು ಬಿದಿರೇ ಆಗಿರುವ ಪ್ರಾಣಿಗೆ ಇದು ಪ್ರಳಯ. 1983ರಲ್ಲಿ ಸಿಚುವಾನ್ ಪ್ರಾಂತ್ಯದ ವೊಲಾಂಗ್ ಸುತ್ತ ಮತ್ತೆ ಬಿದಿರು ಹೂಬಿಟ್ಟಾಗ ದೇಶವೇ ಗಾಬರಿಗೊಂಡಿತು. ಹಸಿದಿರಬಹುದಾದ ಪಾಂಡಾಗಳನ್ನು, ಒಂಟಿಯಾಗಿ ಕಂಡ ಮರಿಗಳನ್ನು ಹಿಡಿದು ತರುವ ರಕ್ಷಣಾ ಕಾರ್ಯಾಚರಣೆಗಳು ನಡೆದವು. ಚೆಂಗ್ಡು ನಗರದ ಹೆಸರಾಂತ ಸಂಶೋಧನಾ ಕೇಂದ್ರ 1987ರಲ್ಲಿ ಆರಂಭವಾದದ್ದು ಹೀಗೆ ತಂದ ಆರು ಪಾಂಡಾಗಳಿಂದ.

ಆದರೆ ಅದೇ ವೊಲಾಂಗಿನ ಕಾಡಿನೊಳಗೆ ಕುಳಿತವರು ಬೇರೆಯದನ್ನೇ ನೋಡುತ್ತಿದ್ದರು. ಚೀನಾದ ಪಾಂಡಾ ವಿಜ್ಞಾನಿ ಹು ಜಿನ್‌ಚು 1978ರಲ್ಲಿ ಅಲ್ಲೊಂದು ವೀಕ್ಷಣಾ ಶಿಬಿರ ಹೂಡಿದ್ದರು. 1980ರ ಕೊನೆಗೆ ಅಮೆರಿಕದ ವನ್ಯಜೀವಿ ವಿಜ್ಞಾನಿ ಜಾರ್ಜ್ ಶಾಲರ್ ಅಲ್ಲಿಗೆ ಬಂದು ಹು ಅವರ ಜೊತೆಗೂಡಿದರು. 1960ರ ದಶಕದಲ್ಲಿ ಕಾನ್ಹಾದಲ್ಲಿ ಹುಲಿ ಮತ್ತು ಜಿಂಕೆಗಳ ಹಿಂದೆ ಬಿದ್ದು ಭಾರತದ ವನ್ಯಜೀವಿ ವಿಜ್ಞಾನಕ್ಕೆ ದಾರಿ ತೋರಿದವರೂ ಈ ಶಾಲರ್ ಅವರೇ. ಪಾಂಡಾಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಹಗಲಿರುಳು ಅನುಸರಿಸಿದಾಗ ತಿಳಿದದ್ದು, ಒಂದು ಜಾತಿಯ ಬಿದಿರು ಸತ್ತರೆ ಪಾಂಡಾಗಳು ಇನ್ನೊಂದು ಜಾತಿಯ ಕಡೆಗೆ, ಬೆಟ್ಟದ ಕೆಳಗಿನ ಇಳಿಜಾರಿಗೆ ಇಳಿಯುತ್ತವೆ ಎಂಬುದು. ಸಾವಿರಾರು ವರ್ಷಗಳಿಂದ ಬಿದಿರು ಹೂಬಿಡುತ್ತಲೇ ಬಂದಿದೆ, ಪಾಂಡಾಗಳು ಉಳಿದುಕೊಂಡೇ ಬಂದಿವೆ. ಈಗ ಬದಲಾದದ್ದು ಕೆಳಗಿನ ಇಳಿಜಾರು. ಅಲ್ಲಿ ಹೊಲಗಳಿದ್ದವು, ರಸ್ತೆಗಳಿದ್ದವು, ಮರ ಕಡಿದ ಬೋಳು ಗುಡ್ಡಗಳಿದ್ದವು.

ಇದಕ್ಕಿಂತ ದೊಡ್ಡ ಪಾಠ ಬಂದದ್ದು ಉತ್ತರಕ್ಕೆ, ಶಾಂಕ್ಸಿ ಪ್ರಾಂತ್ಯದ ಚಿನ್‌ಲಿಂಗ್ ಪರ್ವತಗಳಿಂದ. ಪೀಕಿಂಗ್ ವಿಶ್ವವಿದ್ಯಾಲಯದ ಪಾನ್ ವೆನ್‌ಶಿ 1985ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಅವರ ಶಿಷ್ಯೆ ಲು ಝಿ ಜೊತೆಗಿದ್ದರು. ಜಿಯಾವೊ ಜಿಯಾವೊ ಎಂದು ಹೆಸರಿಟ್ಟಿದ್ದ ಒಂದು ಹೆಣ್ಣು ಪಾಂಡಾವನ್ನು ಅವರು ವರ್ಷಗಟ್ಟಲೆ ಅನುಸರಿಸಿದರು. ಅದು ಗವಿಯಲ್ಲಿ ಹೆತ್ತು ಮರಿ ಸಾಕುವುದನ್ನು ಸಮೀಪದಿಂದ ಕಂಡರು. ಹೆರಿಗೆಯ ನಂತರದ ಮೊದಲ ದಿನಗಳಲ್ಲಿ ತಾಯಿ ಮೇವು ನೀರು ಮರೆತು ಮರಿಯನ್ನು ಎದೆಗವಚಿಕೊಂಡೇ ಕೂರುತ್ತದೆ. ದಿನ ಕಳೆದಂತೆ ಬಿದಿರು ತಿನ್ನಲು ಹೊರಡುತ್ತದೆ, ಗಂಟೆಗಟ್ಟಲೆ ಬರುವುದಿಲ್ಲ. ಕೆಲವೊಮ್ಮೆ ಒಂದು ಇಡೀ ದಿನ ದಾಟಿದರೂ ಬರುವುದಿಲ್ಲ. ಮರಿ ಗವಿಯಲ್ಲಿ ಅಥವಾ ಮರದ ಕವಲಿನಲ್ಲಿ ಒಂಟಿಯಾಗಿಯೇ ಇರುತ್ತದೆ. ತಾಯಿ ಮರಳಿ ಬರುತ್ತದೆ.

ಈ ಗುಂಪು 1994ರಲ್ಲಿ ಪ್ರಕಟಿಸಿದ ಈ ವಿವರಗಳ ಅರ್ಥ ಎದೆ ನಡುಗಿಸುವಂಥದ್ದು. ಹಿಂದಿನ ವರ್ಷಗಳಲ್ಲಿ ‘ಅನಾಥ’ ಎಂದು ಎತ್ತಿ ತಂದ ಮರಿಗಳಲ್ಲಿ ಹಲವು ಅನಾಥವಾಗಿರಲೇ ಇಲ್ಲ. ತಾಯಿ ಊಟಕ್ಕೆ ಹೋಗಿತ್ತು, ಅಷ್ಟೆ. ಕರುಣೆಯಿಂದಲೇ ಮಾಡಿದ ಕೆಲಸ ತಾಯಿ ಮಗುವನ್ನು ಅಗಲಿಸಿತ್ತು. ಪಾಂಡಾ ಮರಿಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ನಾನು ಅತ್ಯಂತ ಮೇಲೆ ಇಡುವುದು ಇದನ್ನು. ಇದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ನಮ್ಮ ಕಾಡಂಚಿನ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿಗಳು ಸಿಕ್ಕಾಗ ಅವನ್ನು ಎತ್ತಿಕೊಂಡು ಹೋಗದೆ ಅಲ್ಲೇ ಬಿಟ್ಟು ತಾಯಿಗಾಗಿ ಕಾಯಬೇಕೆಂದು ವನ್ಯಜೀವಿ ತಜ್ಞರು ಹೇಳುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ.

ಸಾಕಣೆ ಕೇಂದ್ರಗಳ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಬೀಜಿಂಗ್ ಮೃಗಾಲಯದಲ್ಲಿ ಮೊದಲ ಮರಿ ಹುಟ್ಟಿದ್ದು 1963ರಲ್ಲಿ, ಕೃತಕ ಗರ್ಭಧಾರಣೆಯ ಮೊದಲ ಮರಿ 1978ರಲ್ಲಿ. ಆದರೂ ಮುಂದಿನ ಬಹುಕಾಲ ಸೋಲೇ ಹೆಚ್ಚು. ಅಮೆರಿಕಕ್ಕೆ 1972ರಲ್ಲಿ ಕೊಟ್ಟ ಜೋಡಿಗೆ ವಾಷಿಂಗ್ಟನ್‌ನಲ್ಲಿ ಐದು ಮರಿಗಳು ಹುಟ್ಟಿದವು. ಐದೂ ಕೆಲವೇ ದಿನಗಳಲ್ಲಿ ಸತ್ತವು. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಮ್ಮೆ, ವಸಂತದಲ್ಲಿ. ಗರ್ಭ ಕಟ್ಟಬಲ್ಲ ಅವಧಿ ಒಂದರಿಂದ ಮೂರು ದಿನ. ಫಲಿತ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳದೆ ವಾರಗಟ್ಟಲೆ, ತಿಂಗಳುಗಟ್ಟಲೆ ತೇಲುತ್ತಿರುತ್ತದೆ. ಹಾಗಾಗಿ ಗರ್ಭಾವಧಿ ಮೂರು ತಿಂಗಳೂ ಆಗಬಹುದು, ಐದೂ ಆಗಬಹುದು. ಗರ್ಭ ನಿಲ್ಲದ ಹೆಣ್ಣಿನಲ್ಲೂ ಹಾರ್ಮೋನುಗಳು ಗರ್ಭಿಣಿಯಂತೆಯೇ ಏರುತ್ತವೆ, ಗೂಡು ಕಟ್ಟುವ ವರ್ತನೆಯೂ ಕಾಣುತ್ತದೆ. ಪ್ರತಿದಿನದ ಮೂತ್ರ ಪರೀಕ್ಷೆಯಿಂದ ಈ ಗೋಜಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದರು.

ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವಳಿ. ತಾಯಿ ಆರಿಸಿಕೊಳ್ಳುವುದು ಒಂದನ್ನೇ, ಇನ್ನೊಂದನ್ನು ಬಿಟ್ಟುಬಿಡುತ್ತದೆ. ಚೆಂಗ್ಡು ಮತ್ತು ವೊಲಾಂಗಿನ ಸಿಬ್ಬಂದಿ ಇದಕ್ಕೊಂದು ಜಾಣ ದಾರಿ ಹುಡುಕಿದರು. ಒಂದು ಮರಿ ತಾಯಿಯ ಬಳಿ ಇರುವಾಗ ಇನ್ನೊಂದು ಇನ್‌ಕ್ಯುಬೇಟರ್‌ನಲ್ಲಿ. ಕೆಲವು ಗಂಟೆಗಳಿಗೊಮ್ಮೆ ಅದಲುಬದಲು. ಎರಡಕ್ಕೂ ತಾಯಿಯ ಹಾಲು, ತಾಯಿಯ ಬಿಸುಪು. ಇದು ಏಕೆ ಅಷ್ಟು ಮುಖ್ಯವೆಂದು ಮುಂದೆ ಹಾಲಿನ ರಸಾಯನ ಪರೀಕ್ಷಿಸಿದವರು ತೋರಿಸಿದರು. ಪಾಂಡಾದ ಗಿಣ್ಣುಹಾಲು ಸಾಮಾನ್ಯ ಹಾಲಾಗಲು ಸುಮಾರು 30 ದಿನ ಹಿಡಿಯುತ್ತದೆ. ಉಳಿದ ಸಸ್ತನಿಗಳಿಗೆ ಹೋಲಿಸಿದರೆ ಇದು ಅತಿ ದೀರ್ಘ. ಡ್ಯೂಕ್ ವಿಶ್ವವಿದ್ಯಾಲಯದವರು ಸತ್ತ ಎಳೆ ಮರಿಗಳ ಮೂಳೆಗಳನ್ನು ಸ್ಕ್ಯಾನ್ ಮಾಡಿದಾಗ, ಅವುಗಳ ಬೆಳವಣಿಗೆ 28 ವಾರಗಳ ಮಾನವ ಭ್ರೂಣದ ಮಟ್ಟದಲ್ಲಿತ್ತು. ಅಂದರೆ ಬೆಳೆಯುವ ಕೆಲಸದ ದೊಡ್ಡ ಪಾಲು ಹೊಟ್ಟೆಯ ಹೊರಗೆ, ತಾಯಿಯ ತೋಳಿನಲ್ಲಿ ನಡೆಯುತ್ತದೆ. ಆ ತೋಳಿಗೆ ಪರ್ಯಾಯವಿಲ್ಲ ಎಂಬುದನ್ನು ಈ ಎಲ್ಲ ಅಧ್ಯಯನಗಳು ಒಂದೊಂದು ದಿಕ್ಕಿನಿಂದ ಹೇಳುತ್ತಿವೆ.

ಜೋಡಿ ಕಟ್ಟುವುದರಲ್ಲೂ ಇದೇ ಆಯಿತು. ವಂಶಾವಳಿಯ ಪುಸ್ತಕ ನೋಡಿ, ಜೀನುಗಳ ಲೆಕ್ಕ ಹಾಕಿ ಗಂಡು ಹೆಣ್ಣನ್ನು ಒಟ್ಟಿಗೆ ಬಿಡುವುದು ವಾಡಿಕೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಗಾತಿಯನ್ನು ಆರಿಸಿಕೊಳ್ಳುವ ಅವಕಾಶವನ್ನು ಪಾಂಡಾಗಳಿಗೇ ಕೊಟ್ಟು ನೋಡಿದರು. ಪರಸ್ಪರ ಒಲವು ತೋರಿದ ಜೋಡಿಗಳಲ್ಲಿ ಕೂಡುವಿಕೆಯೂ ಮರಿಗಳೂ ಗಮನಾರ್ಹವಾಗಿ ಹೆಚ್ಚಿದವು. ಹಿಂದೆ ‘ಪಾಂಡಾಗಳಿಗೆ ಸಂತಾನದಲ್ಲಿ ಆಸಕ್ತಿಯೇ ಇಲ್ಲ’ ಎಂದು ಪತ್ರಿಕೆಗಳು ಬರೆದಿದ್ದವು. ಆಸಕ್ತಿ ಇಲ್ಲದ್ದು ನಾವು ಗೊತ್ತುಮಾಡಿದ ಸಂಬಂಧದಲ್ಲಿ.

ಇನ್ನು ಕಾಡಿಗೆ ಮರಳಿಸುವ ಪ್ರಯತ್ನ. ಶಿಯಾಂಗ್ ಶಿಯಾಂಗ್ ಎಂಬ ಗಂಡಿಗೆ 2003ರಿಂದ ತರಬೇತಿ ಕೊಟ್ಟು 2006ರ ಏಪ್ರಿಲ್‌ನಲ್ಲಿ ವೊಲಾಂಗಿನ ಕಾಡಿಗೆ ಬಿಟ್ಟರು. ಅದು ಮನುಷ್ಯರ ಕೈಯಲ್ಲಿ ಬೆಳೆದ ಪ್ರಾಣಿ. ಬಿದಿರು ಹುಡುಕುವುದನ್ನು ಕಲಿತಿತ್ತು, ಕಾಡು ಪಾಂಡಾಗಳ ನಡುವೆ ಬದುಕುವುದನ್ನು ಕಲಿತಿರಲಿಲ್ಲ. ಎಲ್ಲೆಗಾಗಿ ನಡೆದ ಕಾದಾಟಗಳಲ್ಲಿ ಗಾಯಗೊಂಡು 2007ರ ಫೆಬ್ರುವರಿಯಲ್ಲಿ ಅದರ ಶವ ಸಿಕ್ಕಿತು. ಮರುವರ್ಷದ ಮೇ 12ರ ಭೂಕಂಪದಲ್ಲಿ ವೊಲಾಂಗ್ ಕೇಂದ್ರವೇ ತೀವ್ರವಾಗಿ ಹಾನಿಗೊಂಡಿತು.

ಅಲ್ಲಿಂದ ಎದ್ದು ನಿಂತ ರೀತಿ ನನಗೆ ಬಹಳ ಮೆಚ್ಚುಗೆಯಾಗುತ್ತದೆ. 2010ರಿಂದ ವಿಧಾನವನ್ನೇ ಬದಲಿಸಿದರು. ತರಬೇತಿ ಕೊಡುವುದು ಇನ್ನು ತಾಯಿಯ ಕೆಲಸ. ಕಾಡಿನಲ್ಲಿ ಹುಟ್ಟಿ ಬೆಳೆದಿದ್ದ ತ್ಸಾವೊ ತ್ಸಾವೊ ಎಂಬ ಹೆಣ್ಣನ್ನು ಬೆಟ್ಟದ ಇಳಿಜಾರಿನ ದೊಡ್ಡ ಆವರಣಕ್ಕೆ ಬಿಟ್ಟರು. ಆ ವರ್ಷದ ಆಗಸ್ಟ್‌ನಲ್ಲಿ ಅಲ್ಲಿ ತಾವೊ ತಾವೊ ಹುಟ್ಟಿತು. ಮರಿ ಮನುಷ್ಯರ ಮುಖವನ್ನು ನೋಡಕೂಡದು. ಆದ್ದರಿಂದ ತೂಕ ನೋಡಲು, ಆರೋಗ್ಯ ತಪಾಸಣೆಗೆ ಹೋಗುವವರು ಪಾಂಡಾ ವೇಷ ಧರಿಸಿದರು. ಆ ವೇಷಕ್ಕೆ ಪಾಂಡಾದ ಮೂತ್ರ ಸವರಿ ಮನುಷ್ಯನ ವಾಸನೆಯನ್ನು ಮುಚ್ಚಿದರು. ಕಪ್ಪು ಬಿಳಿ ವೇಷ ತೊಟ್ಟವರು ಮರಿಯನ್ನು ಎತ್ತಿಕೊಂಡಿರುವ ಆ ಚಿತ್ರಗಳು ಲೋಕವೆಲ್ಲ ಹರಿದಾಡಿದವು, ಜನ ತಮಾಷೆ ಎಂದುಕೊಂಡರು. ಅದರ ಹಿಂದೆ ಒಂದು ಗಂಭೀರ ಉದ್ದೇಶವಿತ್ತು: ಮನುಷ್ಯನನ್ನು ನಂಬುವ ಪಾಂಡಾ ಕಾಡಿನಲ್ಲಿ ಬದುಕಲಾರದು. ಚಿರತೆಯ ಗೊಂಬೆ ಇಟ್ಟು, ಅದರ ಗುರುಗುಟ್ಟುವಿಕೆಯ ಧ್ವನಿ ಕೇಳಿಸಿ, ಹೆದರಿ ಮರವೇರುವುದನ್ನು ಪರೀಕ್ಷಿಸಿದರು.

2012ರ ಅಕ್ಟೋಬರ್‌ನಲ್ಲಿ ತಾವೊ ತಾವೊವನ್ನು ಸಿಚುವಾನಿನ ಲಿಜಿಪಿಂಗ್ ಅಭಯಾರಣ್ಯಕ್ಕೆ ಬಿಟ್ಟರು. ಐದು ವರ್ಷದ ನಂತರ ಮತ್ತೆ ಹಿಡಿದು ನೋಡಿದಾಗ ಅದು ಆರೋಗ್ಯವಾಗಿತ್ತು. 2013ರಲ್ಲಿ ಝಾಂಗ್ ಶಿಯಾಂಗ್ ಎಂಬ ಹೆಣ್ಣು ಅದೇ ಕಾಡಿಗೆ ಹೋಯಿತು. ಮುಂದಿನ ವರ್ಷ ಬಿಟ್ಟ ಶುಯೆ ಶುಯೆ ಸ್ವಲ್ಪ ಕಾಲದಲ್ಲೇ ಸತ್ತಿತು. ಆಮೇಲೆ ಹೋದವುಗಳಲ್ಲಿ ಹೆಚ್ಚಿನವು ಬದುಕಿದವು. ಇನ್ನೊಂದು ದಿಕ್ಕಿನ ಪ್ರಯೋಗವೂ ನಡೆಯಿತು. ಸಾಕಣೆಯ ಹೆಣ್ಣುಗಳನ್ನು ಬೆದೆಯ ಕಾಲದಲ್ಲಿ ಕಾಡಿಗೆ ಬಿಟ್ಟು ಕಾಡು ಗಂಡಿನೊಂದಿಗೆ ಕೂಡುವ ಅವಕಾಶ ಕೊಟ್ಟರು. 2017ರ ಜುಲೈನಲ್ಲಿ ಅದೇ ತ್ಸಾವೊ ತ್ಸಾವೊ ಹೀಗೆ ಹೆತ್ತ ಗಂಡು ಮರಿ ಹೆ ಹೆ. ಕಾಡಿನ ಹೊಸ ರಕ್ತ ಸಾಕಣೆಯ ಸಂತತಿಗೆ ಬಂತು, ಒಂದೇ ಒಂದು ಕಾಡು ಪಾಂಡಾವನ್ನೂ ಹಿಡಿಯದೆ.

ಲಿಜಿಪಿಂಗನ್ನೇ ಆರಿಸಿದ್ದೇಕೆ? ಉತ್ತರ ಗಣತಿಯ ಹಾಳೆಗಳಲ್ಲಿದೆ. 2015ರಲ್ಲಿ ಪ್ರಕಟವಾದ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆ ಕಾಡಿನಲ್ಲಿ 1,864 ಪಾಂಡಾಗಳಿವೆ ಎಂದಿತು. 1980ರ ದಶಕದ ಸಮೀಕ್ಷೆಯಲ್ಲಿ ಸಿಕ್ಕಿದ್ದು 1,114, ಶತಮಾನದ ತಿರುವಿನಲ್ಲಿ 1,596. ಹೀಗಾಗಿ 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಪಾಂಡಾವನ್ನು ‘ಅಳಿವಿನಂಚಿನ’ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ ‘ಅಪಾಯಕ್ಕೊಳಗಾಗಬಲ್ಲ’ ಪಟ್ಟಿಗೆ ಇಳಿಸಿತು. ಸಂತೋಷದ ಸುದ್ದಿಯೇ. ಆದರೆ ಆ 1,864 ಒಂದೇ ಗುಂಪಲ್ಲ, 33 ಗುಂಪುಗಳು. ಅವುಗಳಲ್ಲಿ 18 ಗುಂಪುಗಳಲ್ಲಿ ಹತ್ತಕ್ಕಿಂತ ಕಡಿಮೆ ಪಾಂಡಾಗಳು! ನಡುವೆ ಹೆದ್ದಾರಿ, ಅಣೆಕಟ್ಟು, ಹೊಲ, ಊರು. ಏಳೆಂಟು ಪ್ರಾಣಿಗಳ ಗುಂಪಿನಲ್ಲಿ ಒಂದು ವರ್ಷ ಹುಟ್ಟಿದ್ದೆಲ್ಲ ಗಂಡಾದರೆ, ಒಂದು ಬಾರಿ ರೋಗ ಬಂದರೆ, ಒಂದು ಬೆಟ್ಟದ ಬಿದಿರು ಹೂಬಿಟ್ಟರೆ ಕಥೆ ಮುಗಿಯಿತು. ಲಿಜಿಪಿಂಗ್ ಇರುವ ಶಿಯಾವೊಶಿಯಾಂಗ್‌ಲಿಂಗ್ ಪರ್ವತಶ್ರೇಣಿ ಇಂಥ ಸೊರಗಿದ ನೆಲೆ. ಅಲ್ಲಿಗೆ ಹೊರಗಿನಿಂದ ಒಂದು ಹೆಣ್ಣು ಬಂದು ಮರಿ ಹಾಕಿದರೂ ಅದರ ಬೆಲೆ ನರ್ಸರಿಯ ನೂರು ಮರಿಗಳಿಗಿಂತ ಹೆಚ್ಚು.

ಎಣಿಕೆಯ ಬಗ್ಗೆ ಒಂದು ಮಾತು. ಕೆ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಒಂದೊಂದು ಹುಲಿಯನ್ನು ಗುರುತಿಸಿ ಎಣಿಸುವ ವಿಧಾನವನ್ನು ಬೆಳೆಸಿದರು. ಪಾಂಡಾಗೆ ಪಟ್ಟೆಗಳಿಲ್ಲ, ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಸಮೀಕ್ಷೆಯವರು ಮಲದಲ್ಲಿ ಸಿಗುವ ಬಿದಿರಿನ ತುಣುಕುಗಳ ಉದ್ದ ಅಳೆಯುತ್ತಾರೆ. ಕಚ್ಚುವ ಅಳತೆ ಒಂದೊಂದು ಪಾಂಡಾಗೆ ಒಂದೊಂದು. 2006ರಲ್ಲಿ ವಾಂಗ್‌ಲಾಂಗ್ ಅಭಯಾರಣ್ಯದಲ್ಲಿ ಮಲದ ಡಿಎನ್‌ಎ ಪರೀಕ್ಷಿಸಿದಾಗ ಹಳೆಯ ಲೆಕ್ಕದ ಎರಡು ಪಟ್ಟಿಗೂ ಹೆಚ್ಚು ಪಾಂಡಾಗಳು ಸಿಕ್ಕವು. ಆದ್ದರಿಂದ ಒಟ್ಟು ಸಂಖ್ಯೆಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಹರಿದು ಹಂಚಿಹೋದ ಕಾಡಿನ ನಕ್ಷೆಯ ಬಗ್ಗೆ ಮಾತ್ರ ಅಂಥ ಅನುಮಾನವಿಲ್ಲ. 1976ರಿಂದ 2001ರ ನಡುವೆ ಪಾಂಡಾ ನೆಲೆಯ ತುಂಡುಗಳ ಸರಾಸರಿ ಗಾತ್ರ ಶೇ 24ರಷ್ಟು ಕುಗ್ಗಿತು. ನಂತರದ ಚೇತರಿಕೆ ಬಹಳ ನಿಧಾನ.

ಹಾಗಾದರೆ ಕಾಡಿನ ಪಾಂಡಾಗಳು ಹೆಚ್ಚಿದ್ದು ಹೇಗೆ? ಸಾಕಣೆ ಕೇಂದ್ರಗಳಿಂದಲ್ಲ, ಹನ್ನೆರಡು ಪ್ರಾಣಿಗಳಿಂದ ಅದು ಸಾಧ್ಯವೂ ಇಲ್ಲ. 1998ರ ಯಾಂಗ್ಟ್ಸಿ ಮಹಾಪ್ರವಾಹದ ನಂತರ ಚೀನಾ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಷೇಧಿಸಿತು. ಮರುವರ್ಷದಿಂದ ಇಳಿಜಾರಿನ ಹೊಲಗಳನ್ನು ಮತ್ತೆ ಕಾಡಾಗಿಸುವ ರೈತರಿಗೆ ಧಾನ್ಯ ಮತ್ತು ಹಣ ಕೊಟ್ಟಿತು. ಪಾಂಡಾ ಅಭಯಾರಣ್ಯಗಳ ಸಂಖ್ಯೆ 67ಕ್ಕೆ ಏರಿತು. ಚಿನ್‌ಲಿಂಗ್‌ನಲ್ಲಿ 108ನೇ ರಾಷ್ಟ್ರೀಯ ಹೆದ್ದಾರಿ ಸುರಂಗದೊಳಗೆ ಹೋದ ಮೇಲೆ ಬೆಟ್ಟದ ಮೇಲಿನ ಹಳೆಯ ರಸ್ತೆಯ ಜಾಗದಲ್ಲಿ ಬಿದಿರು ಬೆಳೆಸಿ ಪ್ರಾಣಿಗಳಿಗೆ ಹಾದಿ ಮಾಡಿಕೊಟ್ಟರು. ಇಂಥ ಕೆಲಸಗಳು ವಿಡಿಯೊಗಳಲ್ಲಿ ಬರುವುದಿಲ್ಲ. ಪಾಂಡಾವನ್ನು ಉಳಿಸಿದ್ದು ಇವೇ.

ಸಾಕಣೆ ಕೇಂದ್ರಗಳನ್ನು ಸಮರ್ಥಿಸುವವರು ವಿಮೆಯ ವಾದ ಮುಂದಿಡುತ್ತಾರೆ. ನಾಳೆ ಕಾಡಿನಲ್ಲಿ ರೋಗ ಹರಡಿದರೆ ಜಾತಿಯೇ ಅಳಿಯದಂತೆ ಒಂದು ಮೀಸಲು ಬೇಕಲ್ಲವೇ ಎಂಬುದು ಅವರ ಪ್ರಶ್ನೆ. ವಾದದಲ್ಲಿ ಹುರುಳಿದೆ. 2014ರ ಕೊನೆಯಲ್ಲಿ ಶಾಂಕ್ಸಿಯ ಒಂದು ಕೇಂದ್ರಕ್ಕೆ ನಾಯಿಗಳ ಡಿಸ್ಟೆಂಪರ್ ರೋಗ ಹೊಕ್ಕು ಹಲವು ಪಾಂಡಾಗಳನ್ನು ಕೊಂದಿತು. ಕಾಡಿಗೂ ಅದು ಹಬ್ಬಬಹುದು. ಆದರೆ ವಿಮೆಗೆಂದು ಎಷ್ಟು ಪ್ರಾಣಿಗಳು ಸಾಕು ಎಂಬುದಕ್ಕೆ ಒಂದು ಮಿತಿ ಇರಬೇಕು. ಸಾಕಣೆಯ ಸಂತತಿ ಸ್ವಂತ ಬಲದಲ್ಲಿ ಮುಂದುವರಿಯುವ ಹಂತವನ್ನು ಎಂದೋ ಮುಟ್ಟಿದೆ. ಆದರೂ ಮರಿಗಳು ಹೆಚ್ಚುತ್ತಲೇ ಇವೆ. ವಿದೇಶಿ ಮೃಗಾಲಯಗಳು ಒಂದು ಜೋಡಿಗೆ ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್‌ವರೆಗೆ ಕೊಡುತ್ತವೆ. ಅಲ್ಲಿ ಹುಟ್ಟುವ ಮರಿಗಳೂ ಚೀನಾದ್ದೇ, ಕೆಲವು ವರ್ಷಗಳಲ್ಲಿ ಹಿಂದಿರುಗಬೇಕು. ಈ ಹಣ ಕಾಡಿನ ಪಾಂಡಾಗಳಿಗೆ ಖರ್ಚಾಗಬೇಕೆಂದು ಅಮೆರಿಕದ ನಿಯಮವೇ ಹೇಳುತ್ತದೆ. ಆಗಬೇಕಾದ್ದು ಅದೇ: ಒಂದೊಂದು ಜೋಡಿಯ ಹಣಕ್ಕೂ ಇಂಥ ಎರಡು ಬೆಟ್ಟಗಳ ನಡುವಿನ ಇಂಥ ಹಾದಿ ಎಂದು ಬಹಿರಂಗವಾಗಿ ಹೆಸರಿಡಬೇಕು. ಪಾಂಡಾ ನೋಡಲು ಟಿಕೆಟ್ ಕೊಳ್ಳುವವನಿಗೆ ಅದನ್ನು ಕೇಳುವ ಹಕ್ಕಿದೆ.

ಪಾಂಡಾಕ್ಕಾಗಿ ಉಳಿಸಿದ ಕಾಡು ಬೇರೆ ಯಾರಿಗೆ ಆಸರೆ? ಚೀನಾಕ್ಕಷ್ಟೇ ಸೀಮಿತವಾದ ಅರಣ್ಯವಾಸಿ ಹಕ್ಕಿ ಮತ್ತು ಸಸ್ತನಿಗಳಲ್ಲಿ ಸುಮಾರು ಶೇ 70ರಷ್ಟು ಪಾಂಡಾಗಳ ನೆಲೆಗಳಲ್ಲೇ ಇವೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಅಭಯಾರಣ್ಯಗಳು ಕೊಡುವ ನೀರು, ಮಣ್ಣಿನ ರಕ್ಷಣೆ, ಪ್ರವಾಸದ ಆದಾಯ ಎಲ್ಲ ಸೇರಿಸಿದರೆ ಖರ್ಚಿನ ಹತ್ತರಿಂದ ಇಪ್ಪತ್ತೇಳು ಪಟ್ಟು ಎಂದು 2018ರಲ್ಲಿ ಇನ್ನೊಂದು ತಂಡ ಲೆಕ್ಕ ಹಾಕಿತು. ಆದರೆ 2020ರ ಅಧ್ಯಯನವೊಂದು ಈ ಸಮಾಧಾನವನ್ನು ಕದಡಿತು. ಪಾಂಡಾ ಅಭಯಾರಣ್ಯಗಳಲ್ಲಿ ಹಿಂದೆ ಇದ್ದ ದೊಡ್ಡ ಬೇಟೆಗಾರ ಪ್ರಾಣಿಗಳು ಈಗ ಎಲ್ಲೆಲ್ಲಿವೆ ಎಂದು ನೋಡಿದಾಗ, ಚಿರತೆ ಶೇ 81ರಷ್ಟು ಅಭಯಾರಣ್ಯಗಳಿಂದ ಮರೆಯಾಗಿತ್ತು, ತೋಳ ಶೇ 77ರಿಂದ. ಸೀಳುನಾಯಿ ಶೇ 95ರಿಂದ.

ಸೀಳುನಾಯಿ ಎಂದರೆ ನಮ್ಮ ಬಂಡೀಪುರ, ನಾಗರಹೊಳೆ, ಕಾಳಿ ಕಾಡುಗಳಲ್ಲಿ ಗುಂಪು ಕಟ್ಟಿ ಜಿಂಕೆ ಬೇಟೆಯಾಡುವ ಅದೇ ಪ್ರಾಣಿ. ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಬಂಡೀಪುರದಲ್ಲಿ ಅದನ್ನು ಅಧ್ಯಯನ ಮಾಡಿದಾಗ ಅದಕ್ಕೆ ಬೆಲೆ ಕೊಡುವವರು ಕಡಿಮೆ ಇದ್ದರು. ನಮ್ಮಲ್ಲಿ ಹುಲಿಗಾಗಿ ಕಾಯ್ದ ವಿಶಾಲ ಕಾಡು ಸೀಳುನಾಯಿಯನ್ನೂ ಉಳಿಸಿತು. ಪಾಂಡಾಗೆ ಕೆಲವು ಚದರ ಕಿಲೋಮೀಟರ್ ಬಿದಿರು ಸಾಕು, ಆದ್ದರಿಂದ ಪಾಂಡಾದ ಅಳತೆಗೆ ಕತ್ತರಿಸಿದ ಕಾಡು ನೂರಾರು ಚದರ ಕಿಲೋಮೀಟರ್ ಓಡಾಡುವ ಬೇಟೆಗಾರನಿಗೆ ಸಾಲದಾಯಿತು. ಮರಿಗಳನ್ನು ಚಿರತೆಯ ಗೊಂಬೆ ತೋರಿಸಿ ಹೆದರಿಸಿ ಬೆಳೆಸುತ್ತಾರೆ. ಬಹುಪಾಲು ಪಾಂಡಾ ಅಭಯಾರಣ್ಯಗಳಲ್ಲಿ ಆ ಚಿರತೆಯೇ ಇಲ್ಲ.

2021ರ ಅಕ್ಟೋಬರ್‌ನಲ್ಲಿ ಅಧಿಕೃತವಾಗಿ ಆರಂಭವಾದ ದೈತ್ಯ ಪಾಂಡಾ ರಾಷ್ಟ್ರೀಯ ಉದ್ಯಾನ ಈ ದೋಷವನ್ನು ಸರಿಪಡಿಸುವ ಪ್ರಯತ್ನ. ಸಿಚುವಾನ್, ಶಾಂಕ್ಸಿ, ಗಾನ್ಸು ಪ್ರಾಂತ್ಯಗಳಲ್ಲಿ ಸುಮಾರು 22 ಸಾವಿರ ಚದರ ಕಿಲೋಮೀಟರ್, ಕಾಡು ಪಾಂಡಾಗಳ ಶೇ 70ಕ್ಕೂ ಹೆಚ್ಚು ಅದರೊಳಗೆ. ಚದುರಿದ್ದ ಅಭಯಾರಣ್ಯಗಳನ್ನು ಒಂದೇ ಆಡಳಿತದಡಿ ತರುವುದು, ನಡುವಿನ ಗಣಿ ಮತ್ತು ಕಿರು ಜಲವಿದ್ಯುತ್ ಘಟಕಗಳನ್ನು ತೆರವುಗೊಳಿಸುವುದು ಇದರ ಕೆಲಸ. ಅದೇ ಬೆಟ್ಟಗಳಲ್ಲಿ ದನ, ಕುದುರೆ ಮೇಯಿಸಿ ಬದುಕುವ ಜನರಿದ್ದಾರೆ, ಅವರ ದನಗಳು ಬಿದಿರನ್ನೇ ತಿನ್ನುತ್ತವೆ. ಅವರನ್ನು ಒಲಿಸಿಕೊಳ್ಳದೆ ನಕ್ಷೆಯ ಮೇಲೆ ಗೆರೆ ಎಳೆದರೆ ಆಗದು. ಕಾಡಿನಲ್ಲೀಗ ಸುಮಾರು 1,900 ಪಾಂಡಾಗಳಿವೆ ಎಂಬುದು ಚೀನಾದ ಇತ್ತೀಚಿನ ಅಂದಾಜು. ಮುಂದಿನ ಪೂರ್ಣ ಸಮೀಕ್ಷೆ ಬಂದಾಗ ಪತ್ರಿಕೆಗಳ ತಲೆಬರಹದಲ್ಲಿ ಈ ಒಟ್ಟು ಸಂಖ್ಯೆಯೇ ಇರುತ್ತದೆ. ನಾನು ಹುಡುಕುವುದು ಹತ್ತಕ್ಕಿಂತ ಕಡಿಮೆ ಪಾಂಡಾಗಳಿದ್ದ ಆ 18 ಗುಂಪುಗಳ ಸಾಲನ್ನು: ಎಷ್ಟು ಅಳಿದವು, ಎಷ್ಟು ನೆರೆಯ ಗುಂಪಿಗೆ ಕೂಡಿಕೊಂಡವು, ಲಿಜಿಪಿಂಗ್‌ಗೆ ಹೋದ ಹೆಣ್ಣುಗಳು ಮರಿ ಹಾಕಿದವೇ.